ಥಾಮಸ್ ಟೇಲರ್ ಅನುವಾದಿಸಿದ ಗ್ರೀಕ್ ಅನುಭಾವ ಗ್ರಂಥಗಳ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲೊಟೈನಸ್, ಪೋರ್ಫಿರಿ, ಇಯಾಂಬ್ಲಿಕಸ್, ಪ್ರೋಕ್ಲಸ್ ಮೊದಲಾದ, ಪ್ಲೇಟೋ ಪರಂಪರೆಯ ಗ್ರೀಕ್ ಅನುಭಾವಿಗಳ ಬರಹಗಳಲ್ಲಿ ಹಲವನ್ನು ಮೊದಲ ಬಾರಿಗೆ ಇಂಗ್ಲಿಷಿಗೆ ತಂದವನು ಥಾಮಸ್ ಟೇಲರ್. ಅವನ ಕಾಲದಲ್ಲೇ ಅಚ್ಚಾದ ಪ್ರತಿಗಳನ್ನು ಹುಡುಕಲು ಹೊರಟವರು ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಈ ಪುಸ್ತಕಗಳನ್ನು ಓದುವ ಆಸೆಯಿಂದಲೇ ಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಉತ್ತರಗಳಲ್ಲಿ ಆ ಒಲವು ಕಾಣಿಸಿದರೆ ಅದು ಬೇಕೆಂದೇ ಇಟ್ಟುಕೊಂಡದ್ದು.

ಥಾಮಸ್ ಟೇಲರ್ ಯಾರು?

1758ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, 1835ರಲ್ಲಿ ಅದೇ ನಗರದ ವಾಲ್ವರ್ತ್ ಬಡಾವಣೆಯಲ್ಲಿ ತೀರಿಕೊಂಡ ವಿದ್ವಾಂಸ. ಚಿಕ್ಕಂದಿನಲ್ಲಿ ಸೇಂಟ್ ಪಾಲ್ಸ್ ಶಾಲೆಯಲ್ಲಿ ಕೆಲಕಾಲ ಕಲಿತನಾದರೂ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ಸಂಸಾರ ಸಾಗಿಸಲು ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ದುಡಿಯುತ್ತಿದ್ದ ಅವನು ಹಗಲಿನ ಲೆಕ್ಕಪತ್ರ ಮುಗಿಸಿ ಬಂದು ರಾತ್ರಿಯೆಲ್ಲ ಅರಿಸ್ಟಾಟಲ್, ಪ್ಲೇಟೋ, ಪ್ಲೊಟೈನಸ್, ಪ್ರೋಕ್ಲಸ್‌ರನ್ನು ಗ್ರೀಕಿನಲ್ಲಿ ಓದುತ್ತಿದ್ದ. ಶಿಲ್ಪಿ ಜಾನ್ ಫ್ಲಾಕ್ಸ್‌ಮನ್‌ನ ಮನೆಯಲ್ಲಿ ಅವನು ಪ್ಲೇಟೋ ತತ್ವಶಾಸ್ತ್ರದ ಮೇಲೆ ನೀಡಿದ ಉಪನ್ಯಾಸಗಳಿಂದ ಲಂಡನ್ನಿನ ಕಲಾವಿದರ ವಲಯಕ್ಕೆ ಪರಿಚಿತನಾದ. ಸ್ತ್ರೀ ಹಕ್ಕುಗಳ ಕುರಿತು ಬರೆದು ಹೆಸರಾದ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ತನ್ನ ಯೌವನದಲ್ಲಿ ಕೆಲವು ತಿಂಗಳು ಇವನ ಮನೆಯಲ್ಲೇ ಬಾಡಿಗೆಗಿದ್ದಳು.

ಅವನನ್ನು ಉಳಿದ ಅನುವಾದಕರಿಂದ ಬೇರೆ ಮಾಡುವ ಸಂಗತಿಯೊಂದಿದೆ. ಪ್ಲೇಟೋ ಪರಂಪರೆಯನ್ನು ಅವನು ಹಳೆಯ ಕಾಲದ ಕುತೂಹಲದ ವಸ್ತುವಾಗಿ ನೋಡಲಿಲ್ಲ. ಅದೇ ಸತ್ಯವೆಂದು ನಂಬಿ, ಗ್ರೀಕ್ ದೇವತೆಗಳ ಸ್ತೋತ್ರಗಳನ್ನು ಭಕ್ತಿಯಿಂದ ಅನುವಾದಿಸಿದ. ಕ್ರೈಸ್ತ ಇಂಗ್ಲೆಂಡಿನಲ್ಲಿ ಇದಕ್ಕಾಗಿ ಅವನು ಪಡೆದದ್ದು ಹೆಚ್ಚಾಗಿ ತಿರಸ್ಕಾರವೇ. ಅವನ ಪುಸ್ತಕಗಳು ಸಣ್ಣ ಸಂಖ್ಯೆಯಲ್ಲಿ, ಒಬ್ಬಿಬ್ಬರು ಶ್ರೀಮಂತರ ನೆರವಿನಿಂದಲೋ ಸ್ವಂತ ಖರ್ಚಿನಿಂದಲೋ ಅಚ್ಚಾದದ್ದಕ್ಕೆ, ಆದ್ದರಿಂದಲೇ ಇಂದು ವಿರಳವಾಗಿರುವುದಕ್ಕೆ ಇದೇ ಕಾರಣ.

‘ಅನುಭಾವ’ ಎಂಬ ಮಾತನ್ನು ಈ ಗ್ರೀಕರಿಗೆ ಬಳಸುವುದು ಸರಿಯೇ?

ಸರಿಯೆಂದೇ ನನ್ನ ಭಾವನೆ. ಪ್ಲೊಟೈನಸ್ ಕ್ರಿ.ಶ. ಮೂರನೆಯ ಶತಮಾನದವನು, 270ರಲ್ಲಿ ತೀರಿಕೊಂಡ. ಎಲ್ಲ ಇರವಿಗೂ ಆಚೆಗಿರುವ ‘ಒಂದು’, ಅದರಿಂದ ಹೊಮ್ಮಿದ ಬುದ್ಧಿತತ್ವ, ಅದರಿಂದ ಆತ್ಮ, ಕೊನೆಗೆ ಆತ್ಮವು ತನ್ನ ಮೂಲಕ್ಕೆ ಮರಳುವ ದಾರಿ, ಇದು ಅವನ ಬೋಧನೆಯ ತಿರುಳು. ತಾನು ಜೊತೆಗಿದ್ದ ಅವಧಿಯಲ್ಲಿ ಗುರುವು ನಾಲ್ಕು ಸಲ ಆ ಐಕ್ಯವನ್ನು ಹೊಂದಿದನೆಂದು ಶಿಷ್ಯ ಪೋರ್ಫಿರಿ ಗುರುಚರಿತ್ರೆಯಲ್ಲಿ ಬರೆದಿದ್ದಾನೆ. ಇದು ತರ್ಕದಿಂದ ಆರಂಭವಾಗಿ ತರ್ಕವನ್ನು ದಾಟುವ ಅರಿವು, ಆದ್ದರಿಂದ ಕನ್ನಡದಲ್ಲಿ ಇದಕ್ಕೆ ಅನುಭಾವಕ್ಕಿಂತ ಹತ್ತಿರದ ಪದ ನನಗೆ ತೋರುವುದಿಲ್ಲ. ಆದರೆ ಪದ ಒಂದಾದ ಮಾತ್ರಕ್ಕೆ ವಚನಕಾರರೂ ಪ್ಲೊಟೈನಸ್ಸನೂ ಒಂದೇ ಮಾತು ಹೇಳಿದರೆಂದು ತೀರ್ಮಾನಿಸಬಾರದು.

ಭಾರತದ ನಂಟನ್ನು ಕಲ್ಪಿಸಿಕೊಳ್ಳಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಪಠ್ಯಗಳಲ್ಲೇ ಅದು ಇದೆ. ಪರ್ಷಿಯನ್ನರ ಮತ್ತು ಭಾರತೀಯರ ತತ್ವಜ್ಞಾನವನ್ನು ಅರಿಯುವ ಹಂಬಲದಿಂದ ಪ್ಲೊಟೈನಸ್ 243ರಲ್ಲಿ ರೋಮನ್ ಚಕ್ರವರ್ತಿ ಮೂರನೆಯ ಗೋರ್ಡಿಯನ್‌ನ ದಂಡಿನೊಂದಿಗೆ ಪೂರ್ವಕ್ಕೆ ಹೊರಟ. ಚಕ್ರವರ್ತಿ ದಾರಿಯಲ್ಲೇ ಹತನಾದ್ದರಿಂದ ಹೇಗೋ ಪಾರಾಗಿ ಬಂದು ರೋಮಿನಲ್ಲಿ ನೆಲೆಸಿದ. ಪೋರ್ಫಿರಿಯಂತೂ ಮಾಂಸಾಹಾರ ತ್ಯಾಗವನ್ನು ಕುರಿತ ತನ್ನ ಗ್ರಂಥದ ನಾಲ್ಕನೆಯ ಭಾಗದಲ್ಲಿ ಭಾರತದ ಬ್ರಾಹ್ಮಣರ ಮತ್ತು ಶ್ರಮಣರ ಜೀವನಕ್ರಮವನ್ನು ವಿವರವಾಗಿ ವರ್ಣಿಸುತ್ತಾನೆ. ಟೇಲರ್ 1823ರಲ್ಲಿ ಹೊರತಂದ ಪೋರ್ಫಿರಿಯ ಆಯ್ದ ಕೃತಿಗಳ ಸಂಪುಟದಲ್ಲಿ ಈ ಭಾಗವನ್ನು ಓದಬಹುದು.

ಸಂಗ್ರಾಹಕರು ಹುಡುಕುವ ಮುಖ್ಯ ಪುಸ್ತಕಗಳು ಯಾವುವು?

ಆರಂಭ 1787ರಲ್ಲಿ. ಆ ವರ್ಷ ಪ್ಲೊಟೈನಸ್‌ನ ಸೌಂದರ್ಯ ಕುರಿತ ಪ್ರಬಂಧವೂ ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್‌ನ ಹೆಸರಿನಲ್ಲಿರುವ ಸ್ತೋತ್ರಗಳೂ ಹೊರಬಂದವು. ಚಾರ್ಲ್ಸ್ ವಿಲ್ಕಿನ್ಸ್ ಮಾಡಿದ ಭಗವದ್ಗೀತೆಯ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲೇ ಅಚ್ಚಾದದ್ದು 1785ರಲ್ಲಿ. ಎರಡೇ ವರ್ಷಗಳ ಅಂತರದಲ್ಲಿ ಒಂದೇ ನಗರದ ಅಂಗಡಿಗಳಿಗೆ ಗೀತೆಯೂ ಪ್ಲೊಟೈನಸ್ಸನೂ ಬಂದರೆಂಬುದು ನನಗೆ ಈಗಲೂ ಪುಲಕ ತರುವ ಸಂಗತಿ.

ಯೂಕ್ಲಿಡ್‌ನ ರೇಖಾಗಣಿತ ಗ್ರಂಥದ ಮೊದಲ ಭಾಗಕ್ಕೆ ಪ್ರೋಕ್ಲಸ್ ಬರೆದ ವ್ಯಾಖ್ಯಾನ 1788 ಮತ್ತು 1789ರಲ್ಲಿ ಎರಡು ಸಂಪುಟಗಳಾಗಿ ಬಂತು. 1793ರಲ್ಲಿ ಪ್ಲೇಟೋನ ನಾಲ್ಕು ಸಂವಾದಗಳು, ಸಲ್ಲಸ್ಟಿಯಸ್‌ನ ದೇವತೆಗಳು ಮತ್ತು ಜಗತ್ತು ಕುರಿತ ಕಿರುಗ್ರಂಥ, ಚಕ್ರವರ್ತಿ ಜೂಲಿಯನ್‌ನ ಎರಡು ಭಾಷಣಗಳು ಬಂದವು. ನಂತರದ ದೊಡ್ಡ ಸಾಲು 1816ರಿಂದ ಶುರುವಾಗುತ್ತದೆ: ಪ್ರೋಕ್ಲಸ್‌ನ ‘ಪ್ಲೇಟೋನ ದೇವತಾಶಾಸ್ತ್ರ’ 1816ರಲ್ಲಿ, ಪ್ಲೊಟೈನಸ್‌ನ ಆಯ್ದ ಬರಹಗಳು 1817ರಲ್ಲಿ, ಇಯಾಂಬ್ಲಿಕಸ್ ಬರೆದ ಪೈಥಾಗೊರಸ್ ಚರಿತ್ರೆ 1818ರಲ್ಲಿ, ಪ್ಲೇಟೋನ ‘ಟಿಮೇಯಸ್’ ಸಂವಾದಕ್ಕೆ ಪ್ರೋಕ್ಲಸ್‌ನ ವ್ಯಾಖ್ಯಾನ 1820ರಲ್ಲಿ, ಇಯಾಂಬ್ಲಿಕಸ್‌ನ ‘ರಹಸ್ಯಗಳು’ 1821ರಲ್ಲಿ, ಮೇಲೆ ಹೇಳಿದ ಪೋರ್ಫಿರಿ 1823ರಲ್ಲಿ. ‘ಪ್ಲೇಟೋನ ದೇವತಾಶಾಸ್ತ್ರ’ದ ಬಗ್ಗೆ ಒಂದು ಮಾತು. ಪ್ರೋಕ್ಲಸ್‌ನ ಆರು ಭಾಗಗಳು ಮಾತ್ರ ಉಳಿದಿವೆ. ಕಳೆದುಹೋದ ಭಾಗದ ಕೊರತೆಯನ್ನು ತುಂಬಲೆಂದು ಟೇಲರ್ ಇತರ ಮೂಲಗಳಿಂದ ಸಾಮಗ್ರಿ ಕೂಡಿಸಿ ತಾನೇ ಏಳನೆಯ ಭಾಗವನ್ನು ಬರೆದು ಸೇರಿಸಿದ್ದಾನೆ. ಹೀಗೆ ಅನುವಾದಕನೇ ಗುರುವಿನ ಮಾತನ್ನು ಮುಂದುವರಿಸಿದ್ದನ್ನು ಕಾಣುವುದು ಬಲು ಅಪರೂಪ.

1804ರ ಪ್ಲೇಟೋ ಸಂಪುಟಗಳ ಬಗ್ಗೆ ಇಷ್ಟು ಮಾತೇಕೆ?

ಪ್ಲೇಟೋನ ಸಮಗ್ರ ಕೃತಿಗಳು ಇಂಗ್ಲಿಷಿಗೆ ಬಂದದ್ದು ಅದೇ ಮೊದಲು. ಐದು ದೊಡ್ಡ ಕ್ವಾರ್ಟೋ (ಅಚ್ಚಿನ ಹಾಳೆಯನ್ನು ಎರಡು ಸಲ ಮಡಿಸಿದ ಅಳತೆಯ) ಸಂಪುಟಗಳು. ಅವುಗಳಲ್ಲಿ ಒಂಬತ್ತು ಸಂವಾದಗಳ ಅನುವಾದ ಫ್ಲೋಯರ್ ಸಿಡೆನ್‌ಹ್ಯಾಮ್ ಎಂಬ ಹಿರಿಯ ವಿದ್ವಾಂಸನದು, ಉಳಿದದ್ದು ಟೇಲರ್‌ನದು. ಸಿಡೆನ್‌ಹ್ಯಾಮ್ ಪ್ಲೇಟೋನ ಅನುವಾದಕ್ಕೇ ಬದುಕನ್ನು ಸವೆಸಿ, ಸಾಲದಲ್ಲಿ ಮುಳುಗಿ 1787ರಲ್ಲಿ ದಾರುಣವಾಗಿ ತೀರಿಕೊಂಡ. ಅವನ ಸಾವಿನಿಂದ ನೊಂದವರು ಕಷ್ಟದಲ್ಲಿರುವ ಬರಹಗಾರರಿಗೆ ನೆರವಾಗಲೆಂದು 1790ರಲ್ಲಿ ಸ್ಥಾಪಿಸಿದ ನಿಧಿಯೇ ಇಂದಿಗೂ ಇರುವ ರಾಯಲ್ ಲಿಟರರಿ ಫಂಡ್.

1804ರ ಮುದ್ರಣದ ಖರ್ಚನ್ನು ನಾರ್ಫೋಕ್‌ನ ಡ್ಯೂಕ್ ವಹಿಸಿಕೊಂಡ. ಆದರೆ ಅಚ್ಚಾದ ಪ್ರತಿಗಳಲ್ಲಿ ಬಹುಪಾಲು ಅವನ ಮನೆಯಲ್ಲೇ ಬೀಗ ಹಾಕಿಕೊಂಡು ಕುಳಿತವು. ಅವು ಹೊರಬಂದದ್ದು 1848ರಲ್ಲಿ, ಅನುವಾದಕ ಕಣ್ಣುಮುಚ್ಚಿ 13 ವರ್ಷಗಳಾದ ಮೇಲೆ. ಸಿಡೆನ್‌ಹ್ಯಾಮ್ ಮುದ್ರಣವನ್ನೇ ಕಾಣಲಿಲ್ಲ, ಟೇಲರ್ ಕಂಡರೂ ಓದುಗರ ಕೈಗೆ ಸಲ್ಲಿಸಲಾಗಲಿಲ್ಲ. ಈ ಸಂಪುಟಗಳನ್ನು ಕೈಗೆತ್ತಿಕೊಂಡಾಗಲೆಲ್ಲ ಇದು ನೆನಪಾಗುತ್ತದೆ. ಐದೂ ಸಂಪುಟ ಒಂದೇ ಹಳೆಯ ಬೈಂಡಿಂಗ್‌ನಲ್ಲಿ ಉಳಿದಿರುವ ಪ್ರತಿಗೆ ಬೆಲೆ ಬಹಳ. ಬೇರೆ ಬೇರೆ ಕಡೆಯಿಂದ ಕೂಡಿಸಿದ ಸೆಟ್ಟು ಓದುವವನಿಗೆ ಏನೂ ಕಡಿಮೆಯಲ್ಲ, ಕೊಡಬೇಕಾದ ಹಣವೂ ಕಡಿಮೆ.

ಅರಿಸ್ಟಾಟಲ್ ಸಂಪುಟಗಳು ಸಿಗುತ್ತವೆಯೇ?

ಟೇಲರ್ ಅರಿಸ್ಟಾಟಲ್‌ನನ್ನೂ ಅನುವಾದಿಸಿದ್ದಾನೆ. 1806ರಿಂದ 1812ರವರೆಗೆ ಬಂದ ಆ ಮಹಾಸಂಗ್ರಹ ಅಚ್ಚಾದದ್ದೇ 50 ಪ್ರತಿ. ಮೆರಿಡಿತ್ ಸಹೋದರರು ಹಣ ಹಾಕಿದ್ದರು. ಅದಕ್ಕಾಗಿ ಕಾಯುತ್ತ ಕೂರುವುದಕ್ಕಿಂತ ಸ್ಕ್ಯಾನ್ ಪ್ರತಿಯನ್ನು ಓದುವುದು ಮೇಲು.

ಹೊಸಬರು ಯಾವ ಪುಸ್ತಕದಿಂದ ಆರಂಭಿಸಬೇಕು?

1818, 1821 ಅಥವಾ 1823ರ ಆಕ್ಟೇವೋ ಸಂಪುಟಗಳಲ್ಲಿ ಒಂದರಿಂದ. ಇವು ಕೈಯಲ್ಲಿ ಹಿಡಿದು ಓದುವ ಅಳತೆಯವು, ಕ್ವಾರ್ಟೋಗಳಿಗಿಂತ ಹೆಚ್ಚಾಗಿ ಮಾರಾಟಕ್ಕೆ ಬರುತ್ತವೆ, ಅಕ್ಷರ ಸ್ಪಷ್ಟವಾಗಿದೆ. ಪೈಥಾಗೊರಸ್ ಚರಿತ್ರೆ ಎಲ್ಲಕ್ಕಿಂತ ಸುಲಭವಾಗಿ ಓದಿಸಿಕೊಂಡು ಹೋಗುತ್ತದೆ. ಗುರು, ಶಿಷ್ಯರು, ಮೌನವ್ರತ, ಆಹಾರನಿಯಮ ಎಲ್ಲವೂ ಇರುವ ಆ ಕಥನ ನಮ್ಮಲ್ಲಿ ಮಠಗಳ ಪರಿಸರವನ್ನು ಕಂಡವರಿಗೆ ಅಪರಿಚಿತವೆನಿಸದು. ಇನ್ನೂ ಕಡಿಮೆ ಖರ್ಚಿನಲ್ಲಿ ಬೇಕೆಂದರೆ ಲಂಡನ್ನಿನ ಬರ್ಟ್ರಮ್ ಡೊಬೆಲ್ ಪ್ರಕಟಿಸಿದ ಮರುಮುದ್ರಣಗಳಿವೆ: ‘ರಹಸ್ಯಗಳು’ 1895ರದು, ಆರ್ಫಿಕ್ ಸ್ತೋತ್ರಗಳು 1896ರದು.

ಪ್ರತಿ ಪೂರ್ಣವಾಗಿದೆಯೆಂದು ತಿಳಿಯುವುದು ಹೇಗೆ?

ಪುಟಸಂಖ್ಯೆ ನೋಡಿದರೆ ಸಾಲದು, ಫಾರಂ ಎಣಿಸಬೇಕು. ಆಕ್ಟೇವೋ ಎಂದರೆ ಅಚ್ಚಾದ ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದಾಗ ಆಗುವ 8 ಹಾಳೆ, 16 ಪುಟಗಳ ಒಂದು ಫಾರಂ. ಪ್ರತಿ ಫಾರಂನ ಮೊದಲ ಪುಟದ ಅಡಿಯಲ್ಲಿ ಬೈಂಡರ್‌ನ ಅನುಕೂಲಕ್ಕಾಗಿ ಒಂದು ಅಕ್ಷರ ಹಾಕಿರುತ್ತಾರೆ. ಮುಖಪುಟ, ಪೀಠಿಕೆಗಳನ್ನು ಕೊನೆಗೆ ಅಚ್ಚು ಹಾಕುತ್ತಿದ್ದುದರಿಂದ ಮೂಲಪಠ್ಯ ಸಾಮಾನ್ಯವಾಗಿ ‘ಬಿ’ ಅಕ್ಷರದಿಂದ ತೊಡಗುತ್ತದೆ. ಮುಂದೆ ಸಾಗುವಾಗ ‘ಜೆ’, ‘ವಿ’, ‘ಡಬ್ಲ್ಯು’ ಇರುವುದಿಲ್ಲ. ಹಳೆಯ ಮುದ್ರಕರು 23 ಅಕ್ಷರಗಳ ಲ್ಯಾಟಿನ್ ವರ್ಣಮಾಲೆಯನ್ನೇ ಇದಕ್ಕೆ ಬಳಸುತ್ತಿದ್ದರು. ‘ಐ’ ಆದ ಮೇಲೆ ‘ಕೆ’ ಬಂದರೆ ಹಾಳೆ ಕಳೆದಿದೆಯೆಂದು ಗಾಬರಿಯಾಗಬೇಕಿಲ್ಲ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಮೊದಮೊದಲು ವಿದೇಶದ ಮಾರಾಟಗಾರರೊಬ್ಬರಿಂದ 1818ರ ಪೈಥಾಗೊರಸ್ ಚರಿತ್ರೆಯ ಒಂದು ಪ್ರತಿಯನ್ನು ತರಿಸಿಕೊಂಡಿದ್ದೆ. ಕರುವಿನ ಚರ್ಮದ ಹೊದಿಕೆ, ಬೆನ್ನಿನ ಮೇಲೆ ಚಿನ್ನದ ಗೆರೆ, ಬಹಳ ಚೆಲುವಾದ ಪುಸ್ತಕ. ಓದುತ್ತ ಓದುತ್ತ 192ನೆಯ ಪುಟ ತಿರುವಿದರೆ ಮತ್ತೆ 177 ಬಂತು. ಬೈಂಡರ್ ‘ಎನ್’ ಫಾರಂ ಅನ್ನು ಎರಡು ಸಲ ಹೊಲಿದು ‘ಓ’ ಫಾರಂ ಅನ್ನೇ ಬಿಟ್ಟಿದ್ದ. ಎರಡನೆಯ 192 ಆದ ಮೇಲೆ ನೇರವಾಗಿ 209. ಒಟ್ಟು ದಪ್ಪ ಸರಿಯಾಗಿಯೇ ಇದ್ದುದರಿಂದ ಇನ್ನೂರು ವರ್ಷಗಳಲ್ಲಿ ಯಾರಿಗೂ ಅನುಮಾನ ಬಂದಂತಿಲ್ಲ. ಅಷ್ಟೊಂದು ಪುಟಗಳವರೆಗೆ ಅದನ್ನು ಓದಿದ ಮೊದಲಿಗ ನಾನೇ ಇರಬೇಕೆಂದು ತೋರಿ, ಹಣ ಹೋದದ್ದಕ್ಕಿಂತ ಆ ವಿಚಾರವೇ ಹೆಚ್ಚು ಸಂಕಟ ತಂದಿತು. ಅಂದಿನಿಂದ ಕೊಳ್ಳುವ ಮುನ್ನ ಪ್ರತಿ ಫಾರಂನ ಮೊದಲ ಪುಟದ ಚಿತ್ರ ಕಳಿಸಲು ಕೇಳುತ್ತೇನೆ, ಸ್ಕ್ಯಾನ್ ಪ್ರತಿಯನ್ನು ಪಕ್ಕದಲ್ಲಿಟ್ಟು ಹೋಲಿಸುತ್ತೇನೆ. ಸಂಕೋಚಪಡದೆ ಕೇಳಿ; ಒಳ್ಳೆಯ ಮಾರಾಟಗಾರರು ಬೇಸರಿಸುವುದಿಲ್ಲ.

ಮುಖಪುಟದಲ್ಲಿ ‘ಆಮ್‌ಸ್ಟರ್‌ಡ್ಯಾಮ್’ ಎಂದಿದೆ, ವರ್ಷವಿಲ್ಲ. ಇದು ಖೋಟಾ ಪ್ರತಿಯೇ?

ಅಲ್ಲ. ಪ್ರಾಚೀನ ಗ್ರೀಸಿನ ಎಲ್ಯೂಸಿಸ್ ಊರಿನ ಮತ್ತು ಬ್ಯಾಕಸ್ ದೇವತೆಯ ದೀಕ್ಷಾರಹಸ್ಯಗಳನ್ನು (ದೀಕ್ಷೆ ಪಡೆದವರಿಗಷ್ಟೇ ತೆರೆದಿದ್ದ ಗುಪ್ತ ಆಚರಣೆಗಳನ್ನು) ಕುರಿತು ಟೇಲರ್ ಬರೆದ ಪ್ರಬಂಧದ ಮೊದಲ ಮುದ್ರಣ ಇರುವುದೇ ಹಾಗೆ. ಪುಸ್ತಕ ಲಂಡನ್ನಿನಲ್ಲಿ 1790ರ ಸುಮಾರಿಗೆ ಅಚ್ಚಾಯಿತು, ಮುಖಪುಟ ಮಾತ್ರ ಆಮ್‌ಸ್ಟರ್‌ಡ್ಯಾಮ್ ಎನ್ನುತ್ತದೆ.

ಎಚ್ಚರ ಬೇಕಾದದ್ದು ಬೇರೆ ಕಡೆ. ಮಾರಾಟವಾಗದೆ ಉಳಿದ ಹಾಳೆಗಳಿಗೆ ಹೊಸ ಮುಖಪುಟ, ಹೊಸ ವರ್ಷ ಹಾಕಿ ಮತ್ತೆ ಮಾರುವ ರೂಢಿ ಆಗ ಇತ್ತು. ಪ್ರೋಕ್ಲಸ್‌ನ ಯೂಕ್ಲಿಡ್ ವ್ಯಾಖ್ಯಾನ 1792ರ ಮುಖಪುಟದೊಂದಿಗೂ ಸಿಗುತ್ತದೆ. ಅದನ್ನು ‘ಎರಡನೆಯ ಆವೃತ್ತಿ’ ಎಂದು ಕರೆದು ಕಡಿಮೆ ಅಂದಾಜು ಮಾಡುವುದೂ, 1788ರ ಪ್ರತಿಯೆಂದು ಹೇಳಿ ಹೆಚ್ಚು ಹಣ ಕೇಳುವುದೂ ಎರಡೂ ತಪ್ಪು. ಕಾಗದವನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸವೂ ಒಳ್ಳೆಯದು: 1794ರ ನಂತರದ ಇಂಗ್ಲಿಷ್ ಕಾಗದದ ವಾಟರ್‌ಮಾರ್ಕಿನಲ್ಲಿ ಎಷ್ಟೋ ಸಲ ಕಾಗದ ತಯಾರಾದ ವರ್ಷವೇ ಕಾಣುತ್ತದೆ, ಆದ್ದರಿಂದ ಆಮೇಲೆ ಸೇರಿಸಿದ ಹಾಳೆಯಿದ್ದರೆ ತಿಳಿದುಬರುತ್ತದೆ.

1822ರ ಅಪುಲೀಯಸ್‌ನಲ್ಲಿ ಹಾಳೆಗಳು ಕಡಿಮೆಯಿವೆ ಎನ್ನುತ್ತಾರೆ. ಏನು ವಿಷಯ?

ಅಪುಲೀಯಸ್ ಪ್ರಾಚೀನ ರೋಮಿನ ಕಾಲದ ಲ್ಯಾಟಿನ್ ಕಥೆಗಾರ. ಆ ಕೃತಿಯಲ್ಲಿ ತನ್ನ ಕಾಲದ ಮರ್ಯಾದೆಗೆ ಒಗ್ಗದ ಸಾಲುಗಳನ್ನು ಟೇಲರ್ ಮೂಲಪಠ್ಯದಿಂದ ತೆಗೆದು ಬೇರೆ ಕೆಲವು ಹಾಳೆಗಳಲ್ಲಿ ಅಚ್ಚು ಹಾಕಿಸಿದ. ಅವು ಕೆಲವು ಪ್ರತಿಗಳ ಕೊನೆಯಲ್ಲಿ ಮಾತ್ರ ಇವೆ. ಮಾರಾಟದ ವಿವರಣೆಯಲ್ಲಿ ಅವುಗಳ ಮಾತೇ ಇಲ್ಲದಿದ್ದರೆ ಇಲ್ಲವೆಂದು ತಿಳಿದೇ ಬೆಲೆ ಮಾತಾಡಿ.

ಹತ್ತೊಂಬತ್ತನೆಯ ಶತಮಾನದ ಮರುಮುದ್ರಣಗಳಿಗೆ ಬೆಲೆಯಿದೆಯೇ?

ಹಣದ ಲೆಕ್ಕದಲ್ಲಿ ಕಡಿಮೆ. ಆದರೆ ಟೇಲರ್ ಹೇಗೆ ಬದುಕಿ ಉಳಿದ ಎಂಬ ಚರಿತ್ರೆ ಅವುಗಳಲ್ಲಿದೆ, ಅದಕ್ಕಾಗಿ ನಾನು ಅವನ್ನು ಪ್ರೀತಿಯಿಂದ ಕೂಡಿಸುತ್ತೇನೆ. ಇಂಗ್ಲೆಂಡ್ ಅವನನ್ನು ಮರೆತಾಗ ಅಮೆರಿಕ ನೆನೆಯಿತು. ಅಮೆರಿಕದ ಗ್ರಂಥಾಲಯಗಳಲ್ಲೆಲ್ಲ ಟೇಲರ್‌ನ ಅನುವಾದಗಳಿರುವಾಗ ಅವನ ಸ್ವಂತ ನಾಡಿನಲ್ಲಿ ಅವನನ್ನು ಬಲ್ಲವರೇ ಇಲ್ಲವೆಂದು ಅಮೆರಿಕದ ಚಿಂತಕ ಎಮರ್ಸನ್, ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್‌ನೆದುರು ಆಡಿ ತೋರಿಸಿದ್ದನ್ನು ತನ್ನ ಇಂಗ್ಲೆಂಡ್ ಕುರಿತ ಪುಸ್ತಕದಲ್ಲಿ ದಾಖಲಿಸಿದ್ದಾನೆ. 1875ರಲ್ಲಿ ನ್ಯೂಯಾರ್ಕಿನ ಬೌಟನ್ ಸಂಸ್ಥೆ ಅಲೆಗ್ಸಾಂಡರ್ ವೈಲ್ಡರ್‌ನ ಸಂಪಾದನೆಯಲ್ಲಿ ದೀಕ್ಷಾರಹಸ್ಯಗಳ ಪ್ರಬಂಧವನ್ನು ಮತ್ತೆ ಪ್ರಕಟಿಸಿತು. ಮಿಸೌರಿಯ ಓಸಿಯೋಲಾ ಎಂಬ ಸಣ್ಣ ಊರಿನಲ್ಲಿ ವಕೀಲನಾಗಿದ್ದ ಥಾಮಸ್ ಜಾನ್ಸನ್ 1881ರಲ್ಲಿ ‘ದ ಪ್ಲೇಟೋನಿಸ್ಟ್’ ಎಂಬ ಪತ್ರಿಕೆಯನ್ನೇ ಆರಂಭಿಸಿದ.

ಎಲ್ಲ ಧರ್ಮಗಳ ಹಿಂದಿನ ಒಂದೇ ಸತ್ಯವನ್ನು ಹುಡುಕುವ ಥಿಯಾಸಫಿ ಚಳವಳಿಯ ಕೈಯೂ ಇದರಲ್ಲಿದೆ. 1895ರಲ್ಲಿ ಪ್ಲೊಟೈನಸ್‌ನ ಆಯ್ದ ಕೃತಿಗಳನ್ನು ಮತ್ತೆ ಹೊರತಂದ ಜಿ. ಆರ್. ಎಸ್. ಮೀಡ್ ಆ ಚಳವಳಿಯ ಸ್ಥಾಪಕರಲ್ಲೊಬ್ಬರಾದ ಬ್ಲಾವಟ್‌ಸ್ಕಿಯವರ ಕಾರ್ಯದರ್ಶಿಯಾಗಿದ್ದವನು. ಆ ಚಳವಳಿಯ ಕೇಂದ್ರ ಮದರಾಸಿನ ಅಡ್ಯಾರಿಗೆ ಬಂದು, 1886ರಲ್ಲಿ ಅಲ್ಲಿ ಗ್ರಂಥಾಲಯವೂ ಸ್ಥಾಪನೆಯಾದದ್ದರಿಂದ ದಕ್ಷಿಣ ಭಾರತದ ಓದುಗರಿಗೆ ಈ ಪರಂಪರೆ ಅಷ್ಟೇನೂ ದೂರದ್ದಲ್ಲ. ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಹಳೆಯ ಮನೆಯ ಪುಸ್ತಕಗಳು ಮಾರಾಟಕ್ಕೆ ಬಂದಾಗ ಥಿಯಾಸಫಿಯ ಗಂಟನ್ನು ಬಿಚ್ಚಿ ನೋಡದೆ ಬಿಡಬೇಡಿ.

ಟೇಲರ್‌ನ ಅನುವಾದವನ್ನು ನಂಬಬಹುದೇ?

ಅವನ ಕಾಲದ ವಿಮರ್ಶಕರು ಅವನ ಗ್ರೀಕ್ ಜ್ಞಾನವನ್ನು ಕಟುವಾಗಿ ಟೀಕಿಸಿದರು, ಆ ಟೀಕೆಯಲ್ಲಿ ಸತ್ಯಾಂಶವಿತ್ತು. ಪ್ಲೇಟೋನನ್ನು ಅವನು ಪ್ರೋಕ್ಲಸ್‌ನ ಕಣ್ಣಿನಿಂದಲೇ ಓದುತ್ತಾನೆ, ಆದ್ದರಿಂದ ಸಂವಾದದ ಹಗುರವಾದ ಮಾತೂ ಅವನ ಕೈಯಲ್ಲಿ ಮಂತ್ರದಂತೆ ಗಂಭೀರವಾಗುತ್ತದೆ. ವಾಕ್ಯಗಳು ಉದ್ದ, ಕೆಲವೊಮ್ಮೆ ಗಂಟು ಬಿದ್ದವು. ಆದರೆ ಪ್ರೋಕ್ಲಸ್‌ನನ್ನೋ ಇಯಾಂಬ್ಲಿಕಸ್‌ನನ್ನೋ ಅನುವಾದಿಸುವಾಗ ಅದೇ ಗುಣ ಅವನ ಬಲವಾಗುತ್ತದೆ. ಆ ಲೇಖಕರು ಹೇಳುತ್ತಿರುವುದನ್ನು ಅವನು ಒಳಗಿನಿಂದ ಬಲ್ಲ. ಪ್ಲೊಟೈನಸ್‌ನ ಅರ್ಥ ಖಚಿತವಾಗಬೇಕಾದಲ್ಲಿ 1917ರಿಂದ 1930ರವರೆಗೆ ಐದು ಸಂಪುಟಗಳಲ್ಲಿ ಬಂದ ಸ್ಟೀಫನ್ ಮೆಕೆನ್ನಾನ ಅನುವಾದವನ್ನೋ ಇನ್ನೂ ಈಚಿನದನ್ನೋ ಜೊತೆಗಿಟ್ಟುಕೊಳ್ಳಿ. ಟೇಲರ್‌ನ ಸಮಗ್ರ ಪಠ್ಯ ಮಾತ್ರ ಸಾಕೆನ್ನುವವರಿಗೆ ಇಂಗ್ಲೆಂಡಿನ ಪ್ರಮೀಥಿಯಸ್ ಟ್ರಸ್ಟ್ 33 ಸಂಪುಟಗಳಲ್ಲಿ ಹೊಸದಾಗಿ ಅಚ್ಚು ಹಾಕಿಸಿದೆ. 1969ರಲ್ಲಿ ಕವಯಿತ್ರಿ ಕ್ಯಾಥ್ಲೀನ್ ರೇನ್ ಮತ್ತು ಜಾರ್ಜ್ ಮಿಲ್ಸ್ ಹಾರ್ಪರ್ ಸಂಪಾದಿಸಿದ ಆಯ್ದ ಬರಹಗಳ ಸಂಪುಟ ಒಳ್ಳೆಯ ಪ್ರವೇಶ.

ಸ್ಕ್ಯಾನ್ ಪ್ರತಿಯಲ್ಲಿ ಪದ ಹುಡುಕಿದರೆ ಸಿಗುವುದಿಲ್ಲವೇಕೆ?

1787ರಿಂದ 1790ರ ದಶಕದವರೆಗಿನ ಪುಸ್ತಕಗಳಲ್ಲಿ ‘ಎಸ್’ ಅಕ್ಷರದ ಹಳೆಯ ಉದ್ದನೆಯ ರೂಪ ಬಳಕೆಯಲ್ಲಿತ್ತು, ಅದು ನೋಡಲು ‘ಎಫ್’ನಂತೆಯೇ ಇರುತ್ತದೆ. ಆತ್ಮ ಎಂಬರ್ಥದ ‘ಸೋಲ್’ ಪದವನ್ನು ಯಂತ್ರ ‘ಫೌಲ್’ ಎಂದು ಓದಿಕೊಂಡಿರುತ್ತದೆ. ‘ಎಸ್’ ಇರುವಲ್ಲಿ ‘ಎಫ್’ ಹಾಕಿಯೂ ಹುಡುಕಿ.

ಇನ್ನೂ ಹಳೆಯ ಲ್ಯಾಟಿನ್ ಅನುವಾದಗಳನ್ನು ಸಂಗ್ರಹಿಸಬಹುದೇ?

ಫ್ಲಾರೆನ್ಸಿನ ಮಾರ್ಸಿಲಿಯೋ ಫಿಚಿನೋನ ಪ್ಲೇಟೋ 1484ರಲ್ಲೂ ಪ್ಲೊಟೈನಸ್ 1492ರಲ್ಲೂ ಅಚ್ಚಾದವು. ಅವನ ಇಯಾಂಬ್ಲಿಕಸ್ ಅನ್ನು ವೆನಿಸ್ಸಿನ ಮುದ್ರಕ ಆಲ್ಡಸ್ 1497ರಲ್ಲಿ ಪ್ರಕಟಿಸಿದ. ಟೇಲರ್‌ಗೆ ಮುನ್ನ ಯುರೋಪು ಈ ತತ್ವಜ್ಞಾನವನ್ನು ಅರಿತದ್ದು ಇವುಗಳಿಂದಲೇ. ಇವು ಸಂಸ್ಥೆಗಳ ಮಟ್ಟದ ವಸ್ತುಗಳು. ಬಿಡಿ ಹಾಳೆಗಳನ್ನು ಚೌಕಟ್ಟು ಹಾಕಿ ಮಾರುವವರಿದ್ದಾರೆ, ಅವರಿಂದ ದಯವಿಟ್ಟು ಕೊಳ್ಳಬೇಡಿ. ಪುಸ್ತಕವನ್ನು ಹರಿದು ಮಾರುವ ವ್ಯವಹಾರ ಬೆಳೆಯುವುದೇ ಕೊಳ್ಳುವವರಿಂದ.

ಹೊರದೇಶದಿಂದ ತರಿಸುವಾಗ ಏನು ಗಮನಿಸಬೇಕು?

2019ರ ಕೇಂದ್ರ ಬಜೆಟ್ಟು ಆಮದು ಪುಸ್ತಕಗಳ ಮೇಲೆ ಶೇಕಡ 5ರ ಮೂಲ ಸುಂಕ ವಿಧಿಸಿತು. ಈಗಿನ ದರವನ್ನು ಕೊಳ್ಳುವ ಮುನ್ನ ನೋಡಿಕೊಳ್ಳಿ. ಪೊಟ್ಟಣದ ಮೇಲೆ ‘ಹಳೆಯ ಮುದ್ರಿತ ಪುಸ್ತಕ’ ಎಂದು ಸ್ಪಷ್ಟವಾಗಿ ಬರೆಸಿ, ವರ್ಷ ಮತ್ತು ನಿಜವಾದ ಬೆಲೆ ನಮೂದಿಸಿದ ಬಿಲ್ಲನ್ನು ಹೊರಗೇ ಅಂಟಿಸಲು ಹೇಳಿ. ಮಳೆಗಾಲವಾದರೆ ಒಳಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ. ಭಾರತದಿಂದ ಹೊರಗೆ ಕಳಿಸುವುದು ಬೇರೆಯೇ ವಿಚಾರ: 1972ರ ಪ್ರಾಚ್ಯವಸ್ತು ಕಾಯ್ದೆ 100 ವರ್ಷ ದಾಟಿದ ವಸ್ತುಗಳಿಗೂ 75 ವರ್ಷ ದಾಟಿದ ಹಸ್ತಪ್ರತಿ, ದಾಖಲೆಗಳಿಗೂ ಅನ್ವಯಿಸುವುದರಿಂದ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸದೆ ಕಳಿಸಬೇಡಿ.

ನಮ್ಮ ಹವೆಯಲ್ಲಿ ಇವನ್ನು ಕಾಪಾಡುವುದು ಹೇಗೆ?

1820ರ ಕಾಗದ ಚಿಂದಿ ಬಟ್ಟೆಯಿಂದ ತಯಾರಾದದ್ದು, ಮರದ ತಿರುಳಿನ 1890ರ ದಶಕದ ಕಾಗದಕ್ಕಿಂತ ಗಟ್ಟಿ. ಮೂಲ ಮುದ್ರಣ ಇನ್ನೂ ಬಾಗುತ್ತಿರುವಾಗ ಅದರ ಮರುಮುದ್ರಣ ಅಂಚಿನಲ್ಲಿ ಪುಡಿಯಾಗುವುದು ಇದರಿಂದಲೇ. ಬೆಂಗಳೂರು, ಮೈಸೂರಿನಲ್ಲಿ ಕಪಾಟನ್ನು ಹೊರಗೋಡೆಗೆ ತಾಗಿಸದೆ ನಾಲ್ಕು ಬೆರಳು ಜಾಗ ಬಿಟ್ಟರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ. ಮಂಗಳೂರು, ಕಾರವಾರ, ಮಲೆನಾಡಿನಲ್ಲಿ ಅಷ್ಟು ಸಾಲದು: ಮುಚ್ಚಿದ ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸಬೇಕು, ತೇವ ಅಳೆಯುವ ಸಣ್ಣ ಮೀಟರ್ ಒಳಗಿರಬೇಕು. ಬೂಷ್ಟು ಕಂಡ ಪುಸ್ತಕವನ್ನು ಬಿಸಿಲಿಗೆ ಇಡಬೇಡಿ, ಚರ್ಮ ಬಿರಿಯುತ್ತದೆ; ನೆರಳಿನಲ್ಲಿ ಗಾಳಿಗಿಟ್ಟು, ಒಣಗಿದ ಮೇಲೆ ಮೆದುವಾದ ಕುಂಚದಿಂದ ಮನೆಯ ಹೊರಗೆ ಒರೆಸಿ. ತಾಳೆಗರಿಗೆ ಎಣ್ಣೆ ಸವರುವ ನಮ್ಮ ಹಳೆಯ ಕ್ರಮ ಕಾಗದಕ್ಕೆ ಹೊಂದದು, ಅದರ ಕಲೆ ಮತ್ತೆ ಹೋಗುವುದಿಲ್ಲ. ಗೆದ್ದಲಿನ ವಿಷಯದಲ್ಲಿ ನಂಬಿಕೆ ಬೇಡ. ತಿಂಗಳಿಗೊಮ್ಮೆ ಪ್ರತಿ ಪುಸ್ತಕವನ್ನೂ ಕೈಗೆತ್ತಿಕೊಂಡು ತೆರೆಯಿರಿ.

ಮಾಸಿದ ರಟ್ಟನ್ನು ತೆಗೆಸಿ ಹೊಸ ಬೈಂಡಿಂಗ್ ಮಾಡಿಸಲೇ?

ಬೇಡ. ಬೂದು ರಟ್ಟು, ಬೆನ್ನಿಗೆ ಅಂಟಿಸಿದ ಕಾಗದದ ಚೀಟಿ, ಕತ್ತರಿಸದ ಅಂಚು, ಹೀಗೆಯೇ ಅದು ಟೇಲರ್‌ನ ಕಾಲದ ಅಂಗಡಿಯಿಂದ ಹೊರಬಂದದ್ದು. ಹೊಲಿಗೆ ಬಿಟ್ಟಿದ್ದರೆ ಹೊಲಿಗೆಯನ್ನಷ್ಟೇ ಸರಿಮಾಡಿಸಿ. ಉಳಿದಂತೆ ಅಳತೆಗೆ ತಕ್ಕ ರಟ್ಟಿನ ಪೆಟ್ಟಿಗೆಯೊಂದು ಸಾಕು.

ಪುಸ್ತಕದಲ್ಲಿ ನನ್ನ ಹೆಸರು, ಟಿಪ್ಪಣಿ ಬರೆಯಬಹುದೇ?

ಶಾಯಿಯಿಂದ ಬೇಡ, ಮೆದುವಾದ ಪೆನ್ಸಿಲಿನಿಂದ ಕೊನೆಯ ಖಾಲಿ ಹಾಳೆಯಲ್ಲಿ ಬರೆಯಿರಿ. ಎಲ್ಲಿಂದ ಬಂತು, ಯಾವ ವರ್ಷ ಕೊಂಡಿರಿ, ಫಾರಂಗಳನ್ನು ಎಣಿಸಿದಾಗ ಏನು ಕಂಡಿತು ಎಂಬುದನ್ನು ಎರಡು ಸಾಲಿನಲ್ಲಿ ದಾಖಲಿಸಿದರೆ ಮುಂದಿನವರಿಗೆ ಆ ಶ್ರಮ ಉಳಿಯುತ್ತದೆ. ನನ್ನ ಆ ಪೈಥಾಗೊರಸ್ ಪ್ರತಿಯನ್ನು ನಾನು ಮಾರಲಿಲ್ಲ. 193ರಿಂದ 208ರವರೆಗಿನ 16 ಪುಟಗಳನ್ನು ಒಳ್ಳೆಯ ಕಾಗದದ ಮೇಲೆ ಮುದ್ರಿಸಿ, ಹೊಲಿಯದೆ, ಅಂಟಿಸದೆ ಅವುಗಳ ಜಾಗದಲ್ಲೇ ಇರಿಸಿದ್ದೇನೆ, ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಹಾಗೆಂದು ಬರೆದಿದ್ದೇನೆ.